ಕಂಟ್ರೋಲು ಸೀರೆಯ ಕಳ್ಳಿ

ಹುಣಸೂರು ಪೇಟೆಯಲ್ಲಿ ಕಳ್ಳತನಕ್ಕೂ ಒಂದೊಂದು ಕಾಲದಲ್ಲಿ ಒಂದೊಂದು ಚಾಳಿ ಇತ್ತು ಅಂದರೆ ನೀವು ನಗಬಹುದು. ನಗಿ, ನನಗೇನು. ಮೊದಲೆಲ್ಲ ಸಂತೆಯ ದಿನ ಅಂಗಡಿಗಳಿಂದ ಮಾಯವಾಗುತ್ತಿದ್ದುದು ಒಂದು ಬೊಗಸೆ ಉಪ್ಪು, ಒಂದು ಅಚ್ಚು ಬೆಲ್ಲ, ಕದಿಯುವವನಿಗೆ ಎದೆಗಾರಿಕೆ ಇದ್ದರೆ ಒಂದು ಕಟ್ಟು ಹೊಗೆಸೊಪ್ಪು. ಸಿಕ್ಕಿಬಿದ್ದವನಿಗೆ ಅಂಗಡಿಯವನೇ ನಾಲ್ಕು ಬಿಗಿದು, ಕಂಬಳಿ ಕಿತ್ತುಕೊಂಡು ಅಟ್ಟುತ್ತಿದ್ದ. ಮುಂದಿನ ಸಂತೆಗೆ ಅವನೇ ಬಂದು ಹಲ್ಲುಗಿಂಜಿ ಕಂಬಳಿ ಬಿಡಿಸಿಕೊಂಡು ಹೋಗುತ್ತಿದ್ದ. ಅಲ್ಲಿಗೆ ಮುಗಿಯಿತು.

ಯುದ್ಧ ಬಂತು ನೋಡಿ, ಎಲ್ಲ ತಲೆಕೆಳಗಾಯಿತು. ಎಲ್ಲೋ ಜರ್ಮನಿಯವನು ಬಾಂಬು ಹಾಕಿದರೆ ಇಲ್ಲಿ ಹೆಂಗಸರ ಮೈಮೇಲಿನ ಸೀರೆ ಚಿಂದಿಯಾಯಿತು. ಬಟ್ಟೆಗೆ ಕಂಟ್ರೋಲು ಬಂತು. ಮನೆಮನೆಗೆ ಕಾರ್ಡು ಬಂತು. ಕಾರ್ಡಿಗೊಂದು ಸೀರೆ, ಅದೂ ಅಂಗಡಿಗೆ ಮಾಲು ಬಂದರೆ. ಬಂದದ್ದೆಲ್ಲ ಒಂದೇ ಥರದ ಮಾಲು: ದೊರಗು ನೂಲು, ನೀಲಿ ಪಟ್ಟೆ ಅಂಚು. ಹುಣಸೂರಿನವಳು ಉಟ್ಟರೂ ಅದೇ, ಪಿರಿಯಾಪಟ್ಟಣದವಳು ಉಟ್ಟರೂ ಅದೇ. ಸಂತೆಯಲ್ಲಿ ಹಿಂದಿನಿಂದ ನೋಡಿದರೆ ಯಾರು ಯಾರ ಮನೆಯವಳು ಅಂತ ಅವರವರ ಗಂಡಂದಿರಿಗೇ ಗೊತ್ತಾಗುತ್ತಿರಲಿಲ್ಲ.

ಆಗ ಕಳ್ಳತನ ಜವಳಿ ಅಂಗಡಿಯ ಮೆಟ್ಟಿಲು ಹತ್ತಿತು. ಗಂಡಸರು ಮಡಿಸಿದ ಛತ್ರಿಯೊಳಕ್ಕೆ ಪಂಚೆ ಇಳಿಸಿಕೊಂಡು ಹೋದರು. ಕಂಬಳಿ ಕೊಪ್ಪೆಯೊಳಗೆ ರವಿಕೆ ಕಣ ಹೋಯಿತು, ಎತ್ತಿಕೊಂಡ ಕೂಸಿನ ಕುಂಡೆಯ ಕೆಳಗೆ ಟವಲು ಹೋಯಿತು. ಕೊನೆಗೆ ಯಾರೋ ಗಟ್ಟಿಗಿತ್ತಿ ಬಸುರಿಯ ವೇಷದಲ್ಲಿ ಬಂದಳು. ಬಸುರಿಯ ಮೈ ತಡಕಿದರೆ ಅಂಗಡಿಗೆ ಏಳಿಗೆಯಿಲ್ಲ ಅನ್ನುವುದು ವರ್ತಕರ ನಂಬಿಕೆ. ಆ ನಂಬಿಕೆಯ ಮರೆಯಲ್ಲಿ ಎಷ್ಟು ಸೀರೆ ಹೊಟ್ಟೆಯಾಗಿ ಮೆಟ್ಟಿಲಿಳಿದವೋ ಆ ದೇವರಿಗೇ ಗೊತ್ತು.

ಕಳ್ಳತನ ಬೆಳೆದ ಹಾಗೆ ಶಿಕ್ಷೆಯೂ ಬೆಳೆಯಿತು. ಪೇಟೆಯ ದೊಡ್ಡ ಜವಳಿ ಅಂಗಡಿ ಶಿವನಂಜಪ್ಪನವರದು. ಅವರಿಗೆ ಪೊಲೀಸು, ಕಚೇರಿ ಅಂದರೆ ಆಗದು. "ಕಳ್ಳನಿಗಾದರೆ ಜೈಲಲ್ಲಿ ಮುದ್ದೆ ಸಿಗ್ತದೆ. ವಾಯಿದೆ ವಾಯಿದೆಗೆ ಅಂಗಡಿ ಮುಚ್ಚಿ ಅಲೆಯೋ ನನಗೇನು ಸಿಗ್ತದೆ?" ಅನ್ನುತ್ತಿದ್ದರು. ಅದಕ್ಕೇ ಅವರದು ಕೈಮೇಲಿನ ನ್ಯಾಯ. ಗಂಡಸಾದರೆ ಅರ್ಧ ತಲೆ ಬೋಳಿಸುವುದು, ಹೆಂಗಸಾದರೆ ಜಡೆ ಕತ್ತರಿಸುವುದು. ಕದ್ದ ಬಟ್ಟೆಯನ್ನು ಕೊರಳಿಗೆ ಸುತ್ತಿ, ಮುಂದೆ ತಮಟೆ ಬಡಿಸಿಕೊಂಡು ಸಂತೆಯ ಈ ತುದಿಯಿಂದ ಆ ತುದಿಗೆ ನಡೆಸುವುದು. ಒಂದೊಂದು ಅಂಗಡಿಯ ಮುಂದೂ ನಿಂತು "ನಾನು ಕದ್ದೆ" ಅನ್ನಬೇಕು. ಜನ ತರಕಾರಿ ಕೊಳ್ಳುವುದನ್ನು ಬಿಟ್ಟು ನೋಡುತ್ತಿದ್ದರು. ನೋಡಿದವರಲ್ಲಿ ಅರ್ಧ ಜನ ಮನೆಯಲ್ಲಿ ಹರಕು ಉಟ್ಟವರೇ, ಆದರೂ ಉಗಿಯುವಾಗ ಎಲ್ಲರಿಗೂ ಬಾಯಿ ತುಂಬ ಎಂಜಲು.

ಇದೆಲ್ಲ ಯಾರಿಗೆ ಅಂತ ಕೇಳಿ. ಪಟೇಲರ ಮನೆಯ ಅಮ್ಮಾವ್ರಿಗೂ ಕೈ ಸುಮ್ಮನಿರುತ್ತಿರಲಿಲ್ಲ. ಬಂದಾಗಲೆಲ್ಲ ಒಂದಲ್ಲ ಒಂದು ಬಟ್ಟೆ ಅವರ ಆಳಿನ ಬುಟ್ಟಿಯೊಳಗೆ ತೆಂಗಿನಕಾಯಿಯ ಕೆಳಗೆ ಹೋಗಿ ಮಲಗುತ್ತಿತ್ತು. ಅದನ್ನು ಕಳ್ಳತನ ಅಂದೀರಿ ಜೋಕೆ! ಅದು ಮರೆವು. ಶಿವನಂಜಪ್ಪ ಆ ಮರೆವನ್ನು ಪಟೇಲರ ಲೆಕ್ಕಕ್ಕೆ ಬರೆದುಕೊಂಡು, ಸುಗ್ಗಿಯಲ್ಲಿ ಭತ್ತವಾಗಿ ವಸೂಲು ಮಾಡಿಕೊಳ್ಳುತ್ತಿದ್ದರು. ಯಾರ ಜಡೆಯೂ ಹೋಗುತ್ತಿರಲಿಲ್ಲ. ಆದರೆ ಕಂಟ್ರೋಲು ಬಂದಮೇಲೆ ಹಾಗೆ ಬರೆದುಕೊಳ್ಳುವ ದಾರಿ ಮುಚ್ಚಿತು. ಕಾರ್ಡಿಲ್ಲದೆ ಹೋದ ಸೀರೆಗೆ ಒಬ್ಬ ಕಳ್ಳನನ್ನು ತೋರಿಸಬೇಕು, ಇಲ್ಲವೇ ಲೈಸೆನ್ಸಿಗೆ ಕುತ್ತು.

ಈ ಅಂಗಡಿಯ ಬಾಗಿಲ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದವಳು ಕೆಂಪಾಜಮ್ಮ. ಕಸುಬಿನಲ್ಲಿ ಸೂಲಗಿತ್ತಿ. ಶಿವನಂಜಪ್ಪನವರ ಮಕ್ಕಳೂ ಅವಳ ಕೈಗೇ ಹುಟ್ಟಿದವು. ಗಂಡ ಸತ್ತವಳು, ಮನೆಯಲ್ಲಿ ಬೆಳೆದ ಮಗಳು ದೇವೀರಿ. ತಾಯಿ ಮಗಳಿಬ್ಬರಿಗೂ ಹೊರಗೆ ಉಡುವಂಥ ಸೀರೆ ಒಂದೇ. ತಾಯಿ ಅದನ್ನು ಉಟ್ಟು ಹೊರಟರೆ ಮಗಳು ಗೋಣಿ ತಾಟು ಸುತ್ತಿಕೊಂಡು, ಬಾಗಿಲು ಹಾಕಿಕೊಂಡು ಒಳಗೇ ಕೂರಬೇಕು. ಹೊಗೆಸೊಪ್ಪು ಕಟ್ಟುವ ಕೂಲಿಗೆ ಕರೆಯಲು ಬಂದವರಿಗೆ, "ನಂಗೆ ಜ್ವರ" ಅಂತ ಒಳಗಿನಿಂದಲೇ ಕೂಗುತ್ತಿದ್ದಳು. ಯಾವ ಕಾಯಿಲೆಯವಳಪ್ಪ ಇವಳು ಅಂತ ಜನ ಆಡಿಕೊಳ್ಳಲು ಶುರುಮಾಡಿದ್ದರು. ಹರೆಯದ ಹುಡುಗಿಗೆ ಆ ಹೆಸರು ಬಂದರೆ ಮದುವೆಯ ಮಾತು ಎಲ್ಲಿಂದ ಬರಬೇಕು?

ಕೆಂಪಾಜಮ್ಮ ಈ ಕೆಲಸಕ್ಕೆ ಬಿದ್ದದ್ದೇ ಒಂದು ಮಾತಿನಿಂದ. ಅಂಗಡಿಯಲ್ಲಿ ಒಬ್ಬ ತುಂಬು ಬಸುರಿ ದಡಕ್ಕನೆ ಕುಕ್ಕರುಗಾಲಿನಲ್ಲಿ ಕೂತದ್ದು ನೋಡಿ, "ಅಯ್ಯೋ, ತುಂಬಿದೋಳು ಇಂಗೆ ಕೂತಾಳಾ? ಮೊದ್ಲು ಸೊಂಟಕ್ಕೆ ಕೈ ಕೊಡ್ತಾಳೆ ಕಣ್ರವ್ವ" ಅಂದುಬಿಟ್ಟಳು. ಸುಮ್ಮನೆ ಆಡಿದ ಮಾತು. ಹಿಡಿದು ನೋಡಿದರೆ ಹೊಟ್ಟೆಯಲ್ಲಿದ್ದದ್ದು ಎರಡು ಸೀರೆ. ಆ ಹೆಂಗಸಿನ ಜಡೆ ಹೋಯಿತು, ತಮಟೆ ಬಡಿಯಿತು, ಅವಳು ಗಂಟಲು ಹರಿಯುವಂತೆ ಅತ್ತಳು. ಕೆಂಪಾಜಮ್ಮನಿಗೆ ಅಂದು ಊಟ ಸೇರಲಿಲ್ಲ. ಆದರೆ ಮಾರನೇ ದಿನವೇ ಶಿವನಂಜಪ್ಪ ಹೇಳಿಕಳಿಸಿ, "ಸಂತೆ ದಿನ ಬಂದು ಕೂತ್ಕೋ ಕೆಂಪಾಜಮ್ಮ. ಮಾಲು ಬಂದ ಕೂಡಲೇ ನಿನ್ನ ಕಾರ್ಡಿನ ಸೀರೆ ನಿನಗೆ. ಕಾಸು ಕೊಡೋದು ಬೇಡ, ಕೂಲಿಗೆ ವಜಾ" ಅಂದರು. ಗೋಣಿ ಸುತ್ತಿಕೊಂಡ ಮಗಳು ಕಣ್ಣ ಮುಂದೆ ಬಂದಳು. ಕೆಂಪಾಜಮ್ಮ ಹೂಂ ಅಂದಳು.

ಕೆಲಸ ಕಷ್ಟದ್ದೇನಲ್ಲ. ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿರಬೇಕು. ಯಾರ ಮೇಲಾದರೂ ಅನುಮಾನ ಬಂದರೆ ಅಡಕತ್ತರಿಯನ್ನು ನೆಲಕ್ಕಿಡಬೇಕು. ಅಷ್ಟೇ. ಗುಮಾಸ್ತೆ ಮಂಟಯ್ಯ ಅದನ್ನು ನೋಡಿ ಬಾಗಿಲು ಹಾಕುತ್ತಾನೆ. ಇನ್ನೊಂದು ಮಾತನ್ನು ಶಿವನಂಜಪ್ಪ ಮೊದಲೇ ಕಿವಿಯಲ್ಲಿ ಹಾಕಿದ್ದರು: "ಪಟೇಲರ ಮನೆ ಅಮ್ಮಾವ್ರು ಬಂದಾಗ ನೀನು ಅಡಿಕೆ ನೋಡು, ಅವರನ್ನ ನೋಡಬೇಡ."

ಆ ಸಂತೆಯ ದಿನ ಬೆಳಗ್ಗೆ ಮಾಲು ಬಂದಿತ್ತು. ಹೇಳಿದ ಮಾತಿನಂತೆ ಶಿವನಂಜಪ್ಪ ಕಾರ್ಡಿಗೆ ಗುರುತು ಹಾಕಿ ಸೀರೆ ಕೊಟ್ಟರು. ಕೆಂಪಾಜಮ್ಮ ಅದನ್ನು ಕೆನ್ನೆಗೊತ್ತಿಕೊಂಡಳು. ಗಂಜಿ ವಾಸನೆ, ಗೋಣಿಗಿಂತ ಒಂದಿಷ್ಟು ನಯ, ಆದರೂ ಹೊಸದು. ಹೊಸ ಬಟ್ಟೆಗೆ ಮೊದಲು ಅರಿಶಿನ ಮುಟ್ಟಿಸಬೇಕಲ್ಲ. ಎಲೆಯಡಿಕೆ ಚೀಲದಲ್ಲಿ ಸದಾ ಇರುವ ಅರಿಶಿನದ ಕೊಂಬನ್ನು ನೆಲಕ್ಕೆ ತೇಯ್ದು ಸೆರಗಿನ ಮೂಲೆಗೆ ಹಚ್ಚಿದಳು. ಒಳಕೋಣೆಯ ಗೂಟಕ್ಕೆ ನೇತುಹಾಕಿದ್ದ ತನ್ನ ಚೀಲದಲ್ಲಿ ಸೀರೆಯನ್ನಿಟ್ಟು ಬಂದು ಕೂತಳು. ಸಂಜೆ ದೇವೀರಿ ಇದನ್ನು ಉಟ್ಟು ಬೀದಿಯ ಬಾವಿಗೆ ಕೊಡ ತೆಗೆದುಕೊಂಡು ಹೋಗುವುದನ್ನು ನೆನೆದು ಅವಳಿಗೆ ಒಳಗೊಳಗೇ ನಗು.

ಹೊತ್ತೇರುತ್ತಿದ್ದಂತೆ ಅಂಗಡಿ ತುಂಬಿತು. ಪಟೇಲರ ಮನೆಯ ಅಮ್ಮಾವ್ರು ಬಂದರು. ಜಮಖಾನ ಹಾಸಿದರು, ಗಂಟು ಬಿಚ್ಚಿ ತೋರಿಸಿದರು. "ಥೂ, ಇದನ್ನ ಯಾರುಡ್ತಾರೆ" ಅಂತ ಅಮ್ಮಾವ್ರು ಮೂಗು ಮುರಿದರು. ಕೆಂಪಾಜಮ್ಮ ಅಡಿಕೆ ನೋಡಿದಳು. ಅಮ್ಮಾವ್ರು ಎದ್ದಾಗ ಶಿವನಂಜಪ್ಪ ತಾವೂ ಎದ್ದು ಕೈಮುಗಿದರು. ಬುಟ್ಟಿ ಹೊತ್ತ ಆಳು ಹಿಂದೆಯೇ ಹೋದ.

ಅವರು ಮೆಟ್ಟಿಲಿಳಿಯುವ ಹೊತ್ತಿಗೆ ಅಂಗಡಿಯೊಳಗೆ ಇನ್ನೊಂದು ಮನೆಯವರು ಕೂತಿದ್ದರು. ಬಿಳಿಕೆರೆ ಕಡೆಯ ಪುಟ್ಟತಾಯಮ್ಮ, ಅವಳ ಸೊಸೆ ಚಿಕ್ಕಸಿದ್ದಮ್ಮ. ಮಗ ಚೆಲುವಯ್ಯ ಹೊರಗೆ ಗಾಡಿಯ ಹತ್ತಿರ ಎತ್ತು ಹಿಡಿದು ನಿಂತಿದ್ದ. ಸೊಸೆಗೆ ಏಳು ತಿಂಗಳು. ಬಳೆ ತೊಡಿಸಿ, ಹೊಸ ಸೀರೆ ಉಡಿಸಿ ತವರಿಗೆ ಕಳಿಸಬೇಕು, ಅದಕ್ಕೇ ಕಾರ್ಡು ಹಿಡಿದು ಬಂದಿದ್ದರು. ತವರು ಅಂದರೆ ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನ ಅಂಚು. "ನಾಳೆ ಬೆಳಗಾಗೆದ್ದು ಗಾಡಿ ಕಟ್ಬೇಕು ಕಣಪ್ಪ, ಬಿರ್ರನೆ ಕೊಡು" ಅಂತ ಪುಟ್ಟತಾಯಮ್ಮ ಮಂಟಯ್ಯನಿಗೆ ಅವಸರ ಮಾಡುತ್ತಿದ್ದಳು. ಅತ್ತೆಯ ಕೈಯಿಂದ ಕಾರ್ಡು ಜಾರಿ ಬಿತ್ತು. ಸೊಸೆ ತಟ್ಟನೆ ಬಗ್ಗಿ ಎತ್ತಿಕೊಟ್ಟಳು.

ಬಗ್ಗಿದಾಗ ಹೊಟ್ಟೆ ಮಡಿಚಿಕೊಂಡಿತು. ಏಳು ತಿಂಗಳ ಹೊಟ್ಟೆ ಮಡಿಚಿಕೊಳ್ಳುವುದುಂಟೇ? ಕೆಂಪಾಜಮ್ಮನ ಬುದ್ಧಿ ಏನಾದರೂ ಹೇಳುವ ಮೊದಲೇ ಅವಳ ಕೈ ಅಡಕತ್ತರಿಯನ್ನು ನೆಲಕ್ಕಿಟ್ಟಿತ್ತು. ಅಭ್ಯಾಸ ಅನ್ನುವುದು ಅಷ್ಟು ಕೆಟ್ಟದ್ದು. ಮಂಟಯ್ಯ ಬಾಗಿಲು ಹಾಕಿದ.

ಮಾಲು ಎಣಿಸಿ ನೋಡಿದರೆ ಒಂದು ಸೀರೆ ಕಮ್ಮಿ. ಶಿವನಂಜಪ್ಪ ಗದ್ದುಗೆಯಿಂದಲೇ, "ಯಾರಮ್ಮ?" ಅಂದರು. ಕೆಂಪಾಜಮ್ಮ ಗಲ್ಲವೆತ್ತಿ ಆ ಹುಡುಗಿಯತ್ತ ತೋರಿಸಿದಳು. ಪುಟ್ಟತಾಯಮ್ಮ ಹಾರಿಬಿದ್ದಳು.

"ಯಾರ್ನ? ನನ್ ಸೊಸೇನಾ? ನಿಮ್ ನಾಲ್ಗೆ ಸೇದೋಗ! ತುಂಬಿದ ಬಸ್ರೀನ ಕಳ್ಳಿ ಅಂತೀರಾ? ಮುಟ್ಟಿ ನೋಡುವ, ಮುಟ್ಟಿ!"

"ಒಳಗೆ ಕರಕೊಂಡು ಹೋಗಿ ನೋಡು ಕೆಂಪಾಜಮ್ಮ. ಇಲ್ಲದಿದ್ದರೆ ನಾನೇ ಕೈಮುಗೀತೀನಿ ಇವರಿಗೆ," ಅಂದರು ಶಿವನಂಜಪ್ಪ.

ಒಳಕೋಣೆಯ ಬಾಗಿಲು ಹಾಕಿಕೊಂಡ ಕೆಂಪಾಜಮ್ಮ ಹುಡುಗಿಯ ಸೆರಗಿನ ಒಳಗೆ ಕೈಹಾಕಿ ಗಂಟು ಬಿಚ್ಚಿದಳು. ಕೈಗೆ ಬಂದದ್ದು ಹೊಸ ಸೀರೆಯಲ್ಲ. ಕಂಬಳಿಯ ತುಂಡಿನಲ್ಲಿ ಹಳೇ ಚಿಂದಿಗಳನ್ನು ತುಂಬಿ, ಸುತ್ತ ಒತ್ತೊತ್ತಾಗಿ ಹೊಲಿದಿದ್ದ ಒಂದು ಮೂಟೆ. ಬೆವರಿನ ವಾಸನೆ. ಹೊಲಿಗೆ ಒಂದೇ ಸಲದ್ದಲ್ಲ, ಬಿಚ್ಚಿ ಬಿಚ್ಚಿ ಇನ್ನಷ್ಟು ತುಂಬಿ ಮತ್ತೆ ಹೊಲಿದದ್ದು. ತಿಂಗಳು ತಿಂಗಳಿಗೆ ಬೆಳೆಸಿದ ಹೊಟ್ಟೆ ಅದು. ಅಂಗಡಿಯ ಸೀರೆ ಎಲ್ಲಿಯೂ ಇರಲಿಲ್ಲ.

ಹುಡುಗಿ ಕೆಂಪಾಜಮ್ಮನ ಕಾಲ ಮೇಲೆ ಬಿದ್ದಳು.

"ಅವ್ವ, ಕೂಗ್ಬ್ಯಾಡ. ನಿನ್ನ ದಮ್ಮಯ್ಯ ಅಂತೀನಿ, ಕೂಗ್ಬ್ಯಾಡ ಕಣವ್ವ."

"ಏನೇ ಇದು? ಎಂದು ಓಯ್ತು?"

"ನಾಕು ತುಂಬಿತ್ತು. ಕಳೆ ಕೀಳೋಕೆ ಓಗಿದ್ದೆ. ಅಲ್ಲೇ ನೋವು ಬಂತು, ಅಲ್ಲೇ ಓಯ್ತು. ಒಂಗೆ ಮರದ ಬುಡದಲ್ಲಿ ಗುಂಡಿ ತೋಡಿ ನಾನೇ ಉಗುದು ಬಂದೆ." ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. "ಅದ್ಕೂ ಮುಂಚೆ ಒಂದು ಓಗಿತ್ತು. ಆವಾಗ್ಲೇ ಅತ್ತೆ ಅಂದಿದ್ರು, ಇನ್ನೊಂದು ಕಳಕಂಡ್ರೆ ಹಟ್ಟಿಯಿಂದಾಚ್ಗೆ ಆಕ್ತೀನಿ, ಬೇರೆ ಸೊಸೆ ತತ್ತೀನಿ ಅಂತ. ಎಂಗೆ ಏಳ್ಳವ್ವ? ನೀನೇ ಏಳು."

"ಗಂಡಂಗೆ?"

"ಅವ್ರು ಜಗಲೀಲಿ ಮಲಗ್ತಾರೆ, ಬಸ್ರಿ ಅಂತ ದೂರ. ಅತ್ತೆ ಏಳೋಕೆ ಮುಂಚೆ ಕತ್ಲಲ್ಲೇ ಒಬ್ಳೇ ನೀರು ಉಯ್ಕತೀನಿ. ನಮ್ಮವ್ವಂಗೆ ಗೊತ್ತು. ನಾಳೀಕೆ ತವ್ರು ಸೇರ್ಕಂಬುಟ್ರೆ, ಕೂಸು ಉಟ್ತಾಲೇ ಸತ್ತೋಯ್ತು ಅಂತ ಅಲ್ಲಿಂದ ಏಳಿ ಕಳುಸ್ತಾಳೆ. ಕೂಸು ಎತ್ತು ಕಳಕಂಡೋಳ್ನ ಯಾರೂ ಓಡ್ಸಲ್ವಂತೆ. ಇವತ್ತೊಂದು ದಿನ ಕಣವ್ವ. ಇವತ್ತೊಂದು ದಿನ."

ಇವತ್ತೊಂದು ದಿನ! ಕೆಂಪಾಜಮ್ಮನಿಗೆ ತನ್ನ ಮೇಲೇ ರೇಗಿತು. ಈ ಹಾಳು ಕಣ್ಣಿಗಿಷ್ಟು ಬೆಂಕಿ ಹಾಕ, ಕಂಡದ್ದೆಲ್ಲ ಕೈಗೆ ಹೇಳಬೇಕಾ? ಆಗಲೇ ಪಟೇಲರ ಮನೆಯ ಬುಟ್ಟಿ ನೆನಪಿಗೆ ಬಂತು, ತೆಂಗಿನಕಾಯಿ ನೆನಪಿಗೆ ಬಂತು. ಸೀರೆ ಎಲ್ಲಿ ಹೋಗಿದೆ ಅಂತ ಬಾಗಿಲ ಮುಂದಿನ ನಾಯಿಗೂ ಗೊತ್ತಿರಬೇಕು. ಶಿವನಂಜಪ್ಪನಿಗೆ ಗೊತ್ತಿರುವುದಿಲ್ಲವೇ?

ಅವಳು ಮೂಟೆಯನ್ನು ಮತ್ತೆ ಹುಡುಗಿಯ ಹೊಟ್ಟೆಗೆ ಕಟ್ಟಿದಳು. ಇವಳು ಕಟ್ಟಿಕೊಂಡಿದ್ದು ತೀರಾ ಮೇಲಾಗಿತ್ತು. ಕೆಳಕ್ಕೆ ಇಳಿಸಿ, ಬಿಗಿದು ಕಟ್ಟಿ, ಬಾಗಿಲನ್ನು ಒಂದಿಷ್ಟೇ ತೆರೆದು ಕೂಗಿದಳು.

"ಏನೂ ಇಲ್ಲ ಯಜಮಾನ್ರೇ. ಬಸ್ರಿ ನಿಜ. ನನ್ ಕಣ್ಣೇ ಮಂಜಾಯ್ತು."

ಹೊರಗೆ ಪುಟ್ಟತಾಯಮ್ಮ ಶಿವನಂಜಪ್ಪನ ವಂಶವನ್ನೇ ಜಾಲಾಡತೊಡಗಿದಳು. ಅವರು ಮಾತ್ರ ಸೋಲುವ ಆಸಾಮಿಯಲ್ಲ.

"ನಿನ್ನ ಕಣ್ಣು ಯಾವತ್ತೂ ಮಂಜಾಗಿಲ್ಲವಲ್ಲ ಕೆಂಪಾಜಮ್ಮ. ಸೀರೆಯಂತೂ ಕಮ್ಮಿ ಇದೆ. ಇನ್ಸ್‌ಪೆಕ್ಟರ್ ಬಂದು ಎಣಿಸಿದರೆ ನನ್ನ ಲೈಸೆನ್ಸು ಹೋಗ್ತದೆ. ಮಂಟಯ್ಯ, ಠಾಣೆಗೆ ಹೋಗು. ಅಲ್ಲಿಯ ಜಾಡಮಾಲಿ ಹೆಂಗಸನ್ನ ಕರಕೊಂಡು ಬಾ. ಅವಳೇ ಒಬ್ಬೊಬ್ಬರನ್ನಾಗಿ ಎಲ್ಲರ ಸೀರೆ ಬಿಚ್ಚಿಸಿ ನೋಡಲಿ. ಅಲ್ಲೀತನಕ ಯಾರೂ ಕದಲೋ ಹಾಗಿಲ್ಲ."

ಅಂಗಡಿಯೊಳಗೆ ಹೆಂಗಸರೆಲ್ಲ ಹೋ ಅಂದರು. ಕೋಣೆಯೊಳಗೆ ಹುಡುಗಿ ಬಿಳಿಚಿಕೊಂಡು ಗೋಡೆಗೊರಗಿದಳು. ಆಮೇಲೆ ಅವಳು ಆಡಿದ ಮಾತು ಕೇಳಿ ಕೆಂಪಾಜಮ್ಮ ಬೆಪ್ಪಾದಳು.

"ಅವ್ವ, ನಾನೇ ಕದ್ದೆ ಅಂದ್ಬುಡು."

"ಥೂ ಮುಂಡೇದೆ, ಏನಂತ ಮಾತಾಡ್ತೀಯೆ?"

"ಕಳ್ಳಿ ಅಂದ್ರೆ ಉಗೀತಾರೆ, ಒಡೀತಾರೆ, ಒರಸ್ಕತೀನಿ. ಬಸ್ರಿ ಅಂತ ಜಡೆ ಕುಯ್ಯಾಕಿಲ್ಲ. ಒಟ್ಟೇಲಿ ಕೂಸದೆ ಅಂತ ಮನೇಲಿ ಮಡೀಕತಾರೆ. ಈ ಮೂಟೆ ಕಂಡ್ರೆ ಮಡೀಕತಾರಾ?"

ಯೋಚಿಸಿ ನೋಡಿ. ಕಳ್ಳಿ ಅನ್ನಿಸಿಕೊಳ್ಳಲು ಬೇಡಿಕೊಳ್ಳುವ ಸ್ಥಿತಿ ಒಂದು ಹೆಣ್ಣಿಗೆ ಬರಬೇಕಾದರೆ ಆ ಮನೆ ಎಂಥದ್ದಿರಬೇಕು! ಆದರೆ ಕದ್ದೆ ಅಂದರೆ ಸಾಕೇ? ಕದ್ದ ಮಾಲೆಲ್ಲಿ? ಕೆಂಪಾಜಮ್ಮನ ಕಣ್ಣು ಗೂಟದ ಮೇಲಿನ ಚೀಲಕ್ಕೆ ಹೋಯಿತು. ಬೇಡ ಬೇಡವೆಂದರೂ ಮತ್ತೆ ಅಲ್ಲಿಗೇ ಹೋಯಿತು. ಅದೇ ದೊರಗು ನೂಲು, ಅದೇ ನೀಲಿ ಪಟ್ಟೆ. ಕಾರ್ಡಿಗೆ ಗುರುತು ಬಿದ್ದಾಗಿದೆ, ಇದು ಹೋದರೆ ಬರುವ ವರ್ಷದವರೆಗೆ ದೇವೀರಿಗೆ ಗೋಣಿಯೇ ಗತಿ. ಹಾಳಾಗಿ ಹೋಗಲಿ, ಯಾರೋ ಏನೋ, ನನಗ್ಯಾಕೆ ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸದೆ ಇರುತ್ತದೆಯೇ? ಅವಳೂ ಮನುಷ್ಯಳೇ. ಆದರೆ ಅಡಕತ್ತರಿ ಕೆಳಗಿಟ್ಟ ಕೈ ತನ್ನದಲ್ಲವೇ? ಚೀಲದೊಳಗೆ ಕೈ ಹಾಕಿ ಸೀರೆಯನ್ನೆಳೆದಳು. ಎಳೆಯುವಾಗ ಕಣ್ಣೀರು ಬಂತು, ಬೈಗುಳವೂ ಬಂತು.

"ಕೇಳಿಲ್ಲಿ," ಅಂದಳು ಹುಡುಗಿಯ ರಟ್ಟೆ ಹಿಡಿದು. "ಇನ್ಮೇಲೆ ಬಗ್ಗಬ್ಯಾಡ. ಏನಾರ ಬಿದ್ರೆ ಬೀಳ್ಳಿ. ಏಳೋವಾಗ ಮೊದ್ಲು ಸೊಂಟಕ್ಕೆ ಕೈ ಕೊಡು. ಕಾಲು ಅಗಲಿಸಿ ನಡಿ. ಗಾಡಿ ಅತ್ತೋವಾಗ ಒಂದು ಕೈ ಒಟ್ಟೆ ಕೆಳಗಿರ್ಲಿ, ಮೊದ್ಲು ಕುಂಡೆ ಊರು, ಆಮೇಕೆ ಕಾಲು ಎಳ್ಕೋ. ತಿಳೀತಾ?"

ಹುಡುಗಿ ತಲೆಯಾಡಿಸಿದಳು.

ಹೊರಗೆ ಬಂದು ಕೆಂಪಾಜಮ್ಮ ಸೀರೆಯನ್ನು ಗದ್ದುಗೆಯ ಮುಂದೆ ಹಾಕಿದಳು. "ಬಸ್ರಿ ನಿಜ ಯಜಮಾನ್ರೇ, ಏಳು ತುಂಬ್ಯದೆ. ನನ್ನಾಣೆಗೂ ನಿಜ. ಸೀರೆ ಒಟ್ಟೆ ಕೆಳಗಡೆ ಸಿಕ್ಸ್ಕಂಡಿದ್ಲು. ಕಾಣ್ದೆ ಇಲ್ಲ ಅಂದ್ಬುಟ್ಟೆ. ಬಯಕೆ ಎಂಗುಸು, ಆಸೆಬಿದ್ದವಳೆ. ಬುಟ್ಬುಡಿ."

ಶಿವನಂಜಪ್ಪ ಸೀರೆಯ ಮಡಿಕೆ ಬಿಚ್ಚಿದರು. ಸೆರಗಿನ ಮೂಲೆಯಲ್ಲಿ ಅರಿಶಿನ. ಇನ್ನೂ ಹಸಿ ಆರದ ಅರಿಶಿನ. ಅದನ್ನು ನೋಡಿದರು, ಕೆಂಪಾಜಮ್ಮನ ಮುಖ ನೋಡಿದರು, ಅವಳ ಬೆರಳ ತುದಿಯ ಹಳದಿಯನ್ನೂ ನೋಡಿದರು. ಆಮೇಲೆ ಆ ಮೂಲೆಯನ್ನು ಒಳಗೆ ಮಡಿಸಿ ಸೀರೆಯನ್ನು ಗಂಟಿನ ಮೇಲಿಟ್ಟರು.

"ಸರಿ. ಮಾಲು ಸರಿಹೋಯ್ತು," ಅಂದರು.

ಇಷ್ಟು ಹೊತ್ತು ಮುಟ್ಟಿ ನೋಡಿ ಮುಟ್ಟಿ ನೋಡಿ ಅಂತ ಕುಣಿದ ಪುಟ್ಟತಾಯಮ್ಮ ಈಗ ಎಲ್ಲರ ಎದುರು ಕಳ್ಳಿಯ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಗಂಟನ್ನು ಆಚೆಗೆಳೆದುಕೊಂಡಳು. ಅದನ್ನು ಕಂಡದ್ದೇ ಪುಟ್ಟತಾಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೊಸೆಯ ಕೆನ್ನೆಗೆ ಫಟಾರನೆ ಬಾರಿಸಿದಳು. ಹುಡುಗಿ ಬೀಳಲಿಲ್ಲ, ಬಗ್ಗಲೂ ಇಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಬಸುರಿಗೆ ನಾವು ಶಿಕ್ಷೆ ಮಾಡಲ್ಲ, ಅದು ನಮ್ಮ ಅಂಗಡಿಗೆ ಆಗಿಬರಲ್ಲ," ಅಂದರು ಶಿವನಂಜಪ್ಪ, ದೊಡ್ಡ ಧರ್ಮರಾಯನಂತೆ. "ಆದರೆ ಸುಮ್ಮನೆ ಬಿಟ್ಟರೆ ನಾಳೆ ಎಲ್ಲ ಬಸುರೀರೂ ಬರ್ತಾರೆ. ನಿಮ್ಮ ಮನೆ ಸೊಸೆ. ಶಿಕ್ಷೆ ಏನು ಅಂತ ನೀವೇ ಇಷ್ಟು ಜನರ ಮುಂದೆ ಹೇಳಿಬಿಡಿ. ನಾನು ಪೊಲೀಸಿಗೆ ಹೋಗಲ್ಲ."

ಕೆಂಪಾಜಮ್ಮನಿಗೆ ಇದೇ ಸಮಯ ಅನ್ನಿಸಿತು. ತಡೆಯಲಾರದೆ ಮಧ್ಯೆ ಬಾಯಿ ಹಾಕಿದಳು. "ಅಟ್ಬುಡವ್ವ ಇವ್ಳ್ನ ತವ್ರಿಗೆ! ನಾಳೀಕಲ್ಲ, ಇವತ್ತೇ, ಇಲ್ಲಿಂದ್ಲೇ ಗಾಡಿ ತಿರುಗಿಸು. ನಿನ್ ಹೊಸ್ಲು ತುಳೀದೆ ಓಗ್ಲಿ ಕಳ್ಳಮುಂಡೆ."

ಆಟ ಚೆನ್ನಾಗಿಯೇ ಹೂಡಿದಳು ಅನ್ನಿ. ಹುಡುಗಿಯ ಕಣ್ಣಿನಲ್ಲಿ ಒಂದಿಷ್ಟು ಜೀವ ಬಂತು. ಪುಟ್ಟತಾಯಮ್ಮ ಮಾತ್ರ ಕೆಂಪಾಜಮ್ಮನ ಕಡೆ ತಿರುಗಿ ಕೆಟ್ಟದಾಗಿ ನಕ್ಕಳು.

"ತವ್ರಿಗೆ ಕಳ್ಸೋದು ಶಿಕ್ಷೆ ಆದದಾ? ಅದು ಇವಳ್ಗೆ ಅಬ್ಬ ಕಣವ್ವ, ಅಬ್ಬ! ತಿಂಗಳಿಂದ ಅವ್ವನ ಮನೆ ಅವ್ವನ ಮನೆ ಅಂತ ಜಪ ಮಾಡ್ತಾವಳೆ. ಇಲ್ಲ. ಇವಳು ತವ್ರ ಮೊಕ ನೋಡಂಗಿಲ್ಲ. ಕಳ್ಳೀನ ಎತ್ತೋರ ಮನೇಲಿ ನನ್ ಮಗನ ಕೂಸು ಉಟ್ಟಂಗಿಲ್ಲ. ನಮ್ ಹಟ್ಟೀಲೇ ಎರ್ಲಿ, ನನ್ ಕಣ್ಮುಂದೆ ಎರ್ಲಿ. ಇದೇ ಇವಳ್ಗೆ ಶಿಕ್ಷೆ."

"ಭೇಷ್! ಇದು ನ್ಯಾಯ," ಅಂದ ಮಂಟಯ್ಯ. ಹೆಂಗಸರೂ ತಲೆದೂಗಿದರು. ಜಡೆ ಕುಯ್ಯಲಿಲ್ಲ, ತಮಟೆ ಬಡಿಯಲಿಲ್ಲ, ಹಡೆಯುವ ಹೆಣ್ಣನ್ನು ಮನೆಯಲ್ಲೇ ಇಟ್ಟುಕೊಂಡರು, ಎಂಥ ದೊಡ್ಡ ಮನಸ್ಸು ಅಂತ ಒಬ್ಬಳು ಹೊಗಳಿದಳು ಕೂಡ.

ಹುಡುಗಿ ಕೆಂಪಾಜಮ್ಮನನ್ನೇ ನೋಡುತ್ತಿದ್ದಳು. ಕೆಂಪಾಜಮ್ಮ ಏನಂತ ಹೇಳುವುದು? ಬಸುರಿ ನಿಜ ಅಂತ ಆಣೆಯಿಟ್ಟವಳು ಅವಳೇ, ಸೀರೆ ತಂದು ಹಾಕಿ ಕಳ್ಳಿ ಮಾಡಿದವಳೂ ಅವಳೇ.

ಪುಟ್ಟತಾಯಮ್ಮನಿಗೆ ಈಗ ಮೇಲುಗೈ ಸಿಕ್ಕಿತ್ತು. ಹೋದ ಮಾನ ಅಷ್ಟಿಷ್ಟು ತಿರುಗಿ ಬಂದ ಹಾಗಿತ್ತು. ಸೊಂಟದ ಚೀಲ ಬಿಚ್ಚಿ ಎಲೆ, ಒಂದು ಬಟ್ಟಡಿಕೆ ತೆಗೆದು, ಕೆಂಪಾಜಮ್ಮನ ಮುಂದೆ ಹಿಡಿದಳು.

"ತಗಾ ವೀಳ್ಯ. ನೀನಲ್ವಾ ಏಳು ತುಂಬ್ಯದೆ ಅಂದೋಳು? ದಿನ ಬಂದೇಟ್ಗೆ ಗಾಡಿ ಕಳುಸ್ತೀನಿ. ಕಳ್ಳೀನ ಕಂಡಿಡಿಯೋ ನಿನ್ನಂತ ಕಣ್ಣೇ ನಂಗೆ ಬೇಕು. ನಮ್ ಕೂಸು ನಿನ್ ಕೈಯಿಂದ್ಲೇ ನನ್ ಮಡ್ಲಿಗೆ ಬರ್ಬೇಕು."

ವೀಳ್ಯ ಹಿಡಿದ ಮೇಲೆ ಸೂಲಗಿತ್ತಿ ಕರೆದಾಗ ಹೋಗಲೇಬೇಕು, ಹಿಡಿಯದೆ ಇದ್ದರೆ ಆ ಬಸುರಿಗೆ ಕೇಡು ಬಗೆದ ಹಾಗೆ. ಅಷ್ಟು ಜನರ ಕಣ್ಣು ಅವಳ ಕೈ ಮೇಲಿತ್ತು. ಕೆಂಪಾಜಮ್ಮ ಸೆರಗೊಡ್ಡಿ ವೀಳ್ಯ ತೆಗೆದುಕೊಂಡಳು.

"ಇನ್ನು ಅಲ್ಲೀಗಂಟ ಇವಳ್ನ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ," ಅಂದಳು ಪುಟ್ಟತಾಯಮ್ಮ ಎದ್ದು ಸೀರೆ ಕೊಡವಿಕೊಳ್ಳುತ್ತ. "ಸೊಂಟದಲ್ಲಿ ಸೀರೆ ಬಚ್ಚಿಡೋಳು ನಾಳೆ ನಮ್ಮನೇದು ಏನೇನು ಬಚ್ಚಿಡ್ತಾಳೋ! ಒಬ್ಳೇ ನೀರು ಉಯ್ಕೊಳ್ಳೋದು ಇವತ್ಗೇ ಕೊನೆ. ಬೆಳಗಾದ್ರೆ ನಾನೇ ಬಚ್ಚಲಲ್ಲಿ ನಿಂತು ಎಣ್ಣೆ ಒತ್ತಿ ನೀರು ಉಯ್ತೀನಿ."

ಮಂಟಯ್ಯ ಬಾಗಿಲು ತೆಗೆದ. ಸಂತೆಯ ಗದ್ದಲ ಒಳಗೆ ನುಗ್ಗಿತು. ಹೊರಗಿನವರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಕಳ್ಳಿ ಯಾರು, ಕಳ್ಳಿ ಯಾರು ಅಂತ ಇಣುಕುತ್ತಿದ್ದರು. ಪುಟ್ಟತಾಯಮ್ಮ ದಾರಿ ಬಿಡಿಸಿಕೊಂಡು ಮುಂದೆ ನಡೆದಳು. ಚೆಲುವಯ್ಯ ಏನೊಂದೂ ಅರಿಯದೆ ಎತ್ತಿನ ಮೂಗುದಾರ ಹಿಡಿದು ನಿಂತಿದ್ದ. ಅವ್ವ ಕಿವಿಯಲ್ಲಿ ಹೇಳಿದ್ದು ಕೇಳಿ ತಲೆ ತಗ್ಗಿಸಿದ.

"ಸೀರೆ ಬೆಳಗ್ಗೇನೇ ತಗೊಂಡ್ಯಲ್ಲ ಕೆಂಪಾಜಮ್ಮ, ನಿಂದು?" ಅಂದರು ಶಿವನಂಜಪ್ಪ, ಗದ್ದುಗೆಯ ಮೇಲೆ ಸರಿಯಾಗಿ ಕೂರುತ್ತ.

"ತಗಂಡೆ ಯಜಮಾನ್ರೇ."

"ಸರಿ, ಕೂತ್ಕೋ. ಜನ ಬರ್ತಿದ್ದಾರೆ."

ಅವಳು ಕೂರಲಿಲ್ಲ. ಸೆರಗಿನಲ್ಲಿ ವೀಳ್ಯ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತು ನೋಡಿದಳು. ಯಾರೋ ಉಗಿದರು, ಅದು ಹುಡುಗಿಯ ಕಾಲ ಬಳಿ ಬಿತ್ತು. ಹುಡುಗಿ ಬಗ್ಗಿ ನೋಡಲಿಲ್ಲ. ಕಾಲಗಲಿಸಿ ನಿಧಾನವಾಗಿ ನಡೆದಳು. ಗಾಡಿಯ ಹತ್ತಿರ ನಿಂತು ಒಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟಳು, ಮೊದಲು ಕುಂಡೆಯೂರಿ ಕೂತಳು, ಆಮೇಲೆ ಒಂದೊಂದಾಗಿ ಕಾಲೆಳೆದುಕೊಂಡಳು. ಕೆಂಪಾಜಮ್ಮ ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ.